ಈಶಾನ್ಯದ ತಗ್ಗು

ದೊಡ್ಡ ಮಳೆ ಹೊಡೆದ ಮರುದಿನ ನಾನು ಮನೆಯಲ್ಲಿ ಕೂಡ್ರುವವನಲ್ಲ. ಬೆಳಗಿನ ಚಹಾ ಕುಡಿದು, ಗಾಡಿ ತೆಗೆದುಕೊಂಡು ಹೊರಟುಬಿಡುತ್ತೇನೆ. ಹುಬ್ಬಳ್ಳಿ ಧಾರವಾಡದ ನಡುವೆ ನಾನು ನೆಲ ಸಮ ಮಾಡಿಕೊಟ್ಟ ಲೇಔಟುಗಳು ಹತ್ತಾರು ಇವೆ. ಒಂದೊಂದರ ಬಾಯಲ್ಲೂ ಗಾಡಿ ನಿಲ್ಲಿಸಿ ರಸ್ತೆಯ ಮೇಲೆ ಎಲ್ಲಾದರೂ ನೀರು ನಿಂತಿದೆಯೇ ಎಂದು ನೋಡುತ್ತೇನೆ. ನಿಂತಿರುವುದಿಲ್ಲ. ಗಟಾರದಲ್ಲಿ ಕೆಂಪು ನೀರು ತನ್ನ ಪಾಡಿಗೆ ತಾನು ಹರಿಯುತ್ತಿರುತ್ತದೆ. ಅಷ್ಟು ನೋಡಿದರೆ ನನಗೆ ಊಟ ಮಾಡಿದಷ್ಟು ಸಮಾಧಾನ. ನನ್ನ ಹೆಂಡತಿ, "ಮಂದಿ ಮಳಿ ಬಂದ್ರ ಮಿರ್ಚಿ ತಿಂದ್ಕೋತ ಕೂಡ್ತಾರ, ನೀವು ಗಟಾರ ನೋಡಾಕ ಹೊಂಡ್ತೀರಿ" ಎಂದು ನಗುತ್ತಾಳೆ. ನಗಲಿ. ಆರನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ನನ್ನ ಹೆಸರು ಬರೆದ ಕಾಗದ ಯಾವ ಗೋಡೆಯ ಮೇಲೂ ತೂಗುವುದಿಲ್ಲ. ನನಗೆ ಇರುವ ಸರ್ಟಿಫಿಕೇಟೆಂದರೆ ಮಳೆಯ ಮರುದಿನದ ಒಣ ರಸ್ತೆ.

ಎರಡು ವರ್ಷದಿಂದ ಆ ಸುತ್ತಾಟ ಮೊದಲಿನ ಹಾಗೆ ಇಲ್ಲ. ಈಗ ಮೊದಲು ಹೋಗುವುದು ಉಣಕಲ್ಲಿನ ಆಚೆ ಇರುವ ಒಂದು ಲೇಔಟಿಗೆ. ಅಲ್ಲಿಗೆ ಹೋಗುವಾಗ ಖುಷಿಯಿಂದ ಹೋಗುವುದಿಲ್ಲ.

ನೆಲದ ಮಟ್ಟ ಹಿಡಿಯುವುದನ್ನು ನನಗೆ ಕಲಿಸಿದವರು ಹಳೇ ಹುಬ್ಬಳ್ಳಿಯ, ಮನೆ ಕಟ್ಟುವ ಒಬ್ಬ ಗೌಂಡಿ. ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನನಗೆ ಆಗ ಮದುವೆಯಾದ ಹೊಸದು. ಅರಳೆ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದೆ. ಬೆನ್ನು ಬಿದ್ದು ಹೋದೀತು ಎಂದು ಹೆದರಿ ಬೇರೆ ಕೆಲಸ ಹುಡುಕುವಾಗ ಅವರ ಕೈಕೆಳಗೆ ಸಿಕ್ಕೆ. ಅವರ ಹತ್ತಿರ ಮಟ್ಟ ನೋಡಲು ಯಾವ ಮಷಿನ್ನೂ ಇರಲಿಲ್ಲ. ಉದ್ದನ್ನ ಪಾರದರ್ಶಕ ಪ್ಲಾಸ್ಟಿಕ್ ಪೈಪು, ಅದರ ತುಂಬ ನೀರು, ಅಷ್ಟೇ. ಒಂದು ತುದಿ ಅವರು ಹಿಡಿಯುವರು, ಇನ್ನೊಂದು ನಾನು. ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ನೆಲ ಎಷ್ಟಿದೆ ಎಂದು ಅಳೆದರೆ ಯಾವ ಕಡೆ ತಗ್ಗು, ಯಾವ ಕಡೆ ದಿನ್ನೆ ಎಂದು ತಿಳಿಯುತ್ತದೆ. ಪೈಪಿನೊಳಗೆ ಗಾಳಿಯ ಗುಳ್ಳೆ ಇರಬಾರದು, ಇದ್ದರೆ ಲೆಕ್ಕ ತಪ್ಪುತ್ತದೆ. ಅವರು ಆ ಗುಳ್ಳೆ ಹೊರಡಿಸಲು ಪೈಪನ್ನು ತಟ್ಟುತ್ತ ತಟ್ಟುತ್ತ, "ಗುಳ್ಳಿ ಇತ್ತಂದ್ರ ನೀರ ಸುಳ್ಳ ಹೇಳತೈತಿ. ಗುಳ್ಳಿ ಇರಲಿಲ್ಲಂದ್ರ ಸುಳ್ಳ ಹೇಳಾಂವ ಮನಷ್ಯಾ ಒಬ್ಬನ" ಎನ್ನುತ್ತಿದ್ದರು. ನಾನು ಮುಂದೆ ಟ್ರ್ಯಾಕ್ಟರ್ ಕೊಂಡೆ, ಜೆಸಿಬಿ ಕೊಂಡೆ, ಮಟ್ಟ ನೋಡುವ ಮಷಿನ್ನೂ ಬಂತು. ಆದರೆ ಕಣ್ಣು ತಯಾರಾದದ್ದು ಆ ಪೈಪಿನ ಮೇಲೆ.

ಮೊಣಕಾಲು ಸೋತ ಮೇಲೆ ಚಾಚಾ ಕೆಲಸ ಬಿಟ್ಟರು. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಅಣ್ಣತಮ್ಮಂದಿರ ನಡುವೆ ಅವರ ಪಾಲಿಗೆ ಒಂದೇ ಖೋಲಿ ಇತ್ತು. ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು, ಉಣಕಲ್ಲಿನ ಆಚೆ ಹೊಲದ ಅಂಚಿಗೆ ಒಂದು ಸಣ್ಣ ಜಾಗ ಹಿಡಿದು ಸ್ವಂತ ಕೈಯಿಂದ ಮನೆ ಕಟ್ಟಿಕೊಂಡರು. ಎರಡು ಕೋಣೆ, ಮುಂದೆ ಒಂದು ಕಟ್ಟೆ. ಅದರ ಪಾಯ ತೋಡಿದ್ದು ನನ್ನ ಮಷಿನ್ನು. ಪಾಯ ಎಷ್ಟು ಎತ್ತರ ಇರಬೇಕು ಎಂದು ಇಬ್ಬರೂ ನಿಂತು ಮಾತಾಡಿಯೇ ಗೊತ್ತು ಮಾಡಿದ್ದೆವು. ಅವರ ಮನೆಯ ಕಡೆ ನೆಲ ಎತ್ತರ. ಅಲ್ಲಿಂದ ನಾಲ್ಕು ಎಕರೆ ಕಪ್ಪು ಎರೆಮಣ್ಣಿನ ಹೊಲ ನೈಋತ್ಯಕ್ಕೆ ಇಳಿಯುತ್ತ ಹೋಗಿ ಒಂದು ಹಳ್ಳ ಮುಟ್ಟುತ್ತಿತ್ತು. ಎಷ್ಟು ಮಳೆ ಬಂದರೂ ನೀರು ಅವರ ಅಂಗಳದಿಂದ ದೂರ ಓಡುತ್ತಿತ್ತು. ಪಾಯ ಹೆಚ್ಚು ಏರಿಸುವ ಕಾರಣವೇ ಇರಲಿಲ್ಲ. ಆಮೇಲೆ ಅವರ ಮಗ್ಗುಲಿಗೆ ಇನ್ನೂ ಮೂರು ಮನೆಗಳಾದವು. ಒಂದರಲ್ಲಿ ಸ್ಕೂಟರ್ ರಿಪೇರಿ ಮಾಡುವ ಮೆಕ್ಯಾನಿಕ್ ಇದ್ದಾನೆ, ಅವನ ಮಾತು ಮುಂದೆ ಬರುತ್ತದೆ.

ಆ ನಾಲ್ಕು ಎಕರೆಯನ್ನು ಅರಳೆ ವ್ಯಾಪಾರದ ಒಬ್ಬ ಸಾವುಕಾರರು ತೆಗೆದುಕೊಂಡು ಲೇಔಟ್ ಮಾಡಲು ನಿಂತರು. ಮುಂಜಾನೆ ವಿಭೂತಿ ಹಚ್ಚಿಕೊಳ್ಳದೆ ಮನೆಯಿಂದ ಹೊರಬೀಳದ ಮನುಷ್ಯ. ನಾನು ಹಮಾಲಿ ಮಾಡಿದ್ದೇ ಅವರ ತಂದೆಯ ಅಂಗಡಿಯಲ್ಲಿ. ಅಲ್ಲಿ ಚೀಲ ಹೊತ್ತವನನ್ನು ಕರೆದು, ಕುರ್ಚಿ ಕೊಟ್ಟು, ನೆಲದ ಕೆಲಸ ಪೂರಾ ನಿಮ್ಮದು ಎಂದಾಗ ನನ್ನ ಎದೆ ಎಷ್ಟು ಉಬ್ಬಿತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಮಂಜೂರಾದ ನಕಾಶೆಯಲ್ಲಿ ಎಲ್ಲ ಸರಿಯಾಗಿಯೇ ಇತ್ತು. ರಸ್ತೆಗಳೆಲ್ಲ ನೈಋತ್ಯಕ್ಕೆ ಇಳಿಯಬೇಕು, ಎರಡೂ ಬದಿಗೆ ಗಟಾರ, ಗಟಾರದ ನೀರು ಹಳ್ಳಕ್ಕೆ. ನೆಲ ಮೊದಲಿನಿಂದಲೂ ಹೇಗೆ ಹರಿಸುತ್ತಿತ್ತೋ ಹಾಗೆ. ನಕಾಶೆಯ ಜವಾಬ್ದಾರಿ ಇದ್ದದ್ದು ಒಬ್ಬ ಹರೆಯದ ಇಂಜಿನಿಯರನಿಗೆ. ಸಪ್ತಾಪುರದಲ್ಲಿ ಖೋಲಿ ಮಾಡಿಕೊಂಡಿದ್ದ, ಅಲ್ಲಿಂದ ಸ್ಕೂಟಿಯ ಮೇಲೆ ಬರುತ್ತಿದ್ದ. ಬಂದ ಮೊದಲ ದಿನವೇ ಅಂಕಿಗಳಿದ್ದ ಒಂದು ಹಾಳೆ ನನ್ನ ಕೈಗಿಟ್ಟ. ಇದರ ಗರಜು ನನಗಿಲ್ಲ, ನೋಡಿದರೆ ತಿಳಿಯುತ್ತದೆ ಎಂದೆ. ಅವನು ನನ್ನ ಡ್ರೈವರುಗಳ ಮುಂದೆ, "ಕಾಕಾರ, ಇದು ಕಣ್ಣಂದಾಜಿಲೆ ಮಾಡೂ ಕೆಲಸಲ್ಲರಿ" ಎಂದ. ತಪ್ಪು ಮಾತಲ್ಲ, ಒರಟಾಗಿಯೂ ಹೇಳಲಿಲ್ಲ. ಆದರೆ ನನಗೆ ಮುಳ್ಳು ಮುರಿದಂತಾಯಿತು. ಅವನು ಹುಟ್ಟುವ ಮೊದಲು ನಾನು ನೆಲ ನೋಡಿದವನು.

ಸೈಟು ನೋಡಲು ರವಿವಾರ ರವಿವಾರ ಜನ ಬರತೊಡಗಿದರು. ಗಂಡ, ಹೆಂಡತಿ, ಅವರ ಜೊತೆಗೆ ದಿಕ್ಸೂಚಿ ಹಿಡಿದ ವಾಸ್ತು ಹೇಳುವವರೊಬ್ಬರು. ಅವರು ದಿಕ್ಸೂಚಿ ಬಿಚ್ಚಿ, ನೆಲದ ಇಳಿಜಾರು ನೋಡಿ, ತಲೆ ಅಲ್ಲಾಡಿಸುತ್ತಿದ್ದರು. ನೈಋತ್ಯ ತಗ್ಗಿದ್ದರೆ ಮನೆಯ ಯಜಮಾನನಿಗೆ ಕೇಡು, ನೀರು ಹರಿದರೆ ಈಶಾನ್ಯಕ್ಕೇ ಹರಿಯಬೇಕು. ನಮ್ಮ ಕಡೆ ಇದನ್ನು ಹಗುರಾಗಿ ತೆಗೆದುಕೊಳ್ಳುವವರು ಕಡಿಮೆ, ನನ್ನ ಮನೆಯ ನೀರೂ ಈಶಾನ್ಯಕ್ಕೇ ಹೋಗುತ್ತದೆ. ಬಂದವರು ಚಹಾ ಕುಡಿದು, ಫೋನ್ ಮಾಡುತ್ತೇವೆ ಎಂದು ಹೋಗುತ್ತಿದ್ದರು. ಮಾಡುತ್ತಿರಲಿಲ್ಲ.

ಒಂದು ದಿನ ಸಾವುಕಾರರು ನನ್ನನ್ನೂ ಇಂಜಿನಿಯರನನ್ನೂ ನಿಲ್ಲಿಸಿಕೊಂಡು ಕೇಳಿದರು, ಇಡೀ ಲೇಔಟನ್ನೇ ಈಶಾನ್ಯಕ್ಕೆ ವಾಲಿಸಲು ಬರುತ್ತದೆಯೇ ಎಂದು. ಇಂಜಿನಿಯರ್ ತಡಮಾಡದೆ ಹೇಳಿದ: "ನೀರ ಆ ಕಡೆ ಹೊಳ್ಳಿಸಿದ್ರ ಅಲ್ಲಿಂದ ಹೊರಗ ಹೋಗಾಕ ದಾರಿ ಬೇಕಲ್ರಿ. ಅಲ್ಲೆ ಹಳ್ಳ ಇಲ್ಲ, ಮನಿ ಅದಾವ. ನಕಾಶಿ ಬದಲಿ ಮಾಡಿ, ಮತ್ತ ಮಂಜೂರಿ ತಗೋಬೇಕಾಗತೈತಿ."

ಸಾವುಕಾರರು ನನ್ನ ಮುಖ ನೋಡಿದರು. ಆ ನೋಟಕ್ಕೆ ನಾನು ಬಿದ್ದೆ.

"ನೀರಿನ ಚಿಂತಿ ನನಗ ಬಿಡ್ರಿ ಸಾವ್ಕಾರ್ರ" ಎಂದೆ.

ಇಷ್ಟೇ ನಾನು ಆಡಿದ್ದು. ಇದನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಆ ಹುಡುಗ ಬೇಡ ಎಂದದ್ದಕ್ಕೇ ನಾನು ಹೂಂ ಎಂದೆ, ಬೇರೆ ಕಾರಣವಿರಲಿಲ್ಲ.

ಕೆಲಸ ಮಾತ್ರ ನನ್ನ ಜೀವಮಾನದಲ್ಲಿ ಮಾಡಿದ ಕೆಲಸಗಳಲ್ಲೇ ಚಂದ ಆಯಿತು. ಗರಸು ಮಣ್ಣು ತರಿಸಿ ನೈಋತ್ಯದ ಕಡೆ ಎದೆಯ ಎತ್ತರ ಏರಿಸಿದೆ. ಇಳಿಸುತ್ತ ಇಳಿಸುತ್ತ ಬಂದು ಈಶಾನ್ಯದಲ್ಲಿ ಮೊಣಕಾಲಿಗಿಂತ ಕೆಳಗೆ ನಿಲ್ಲಿಸಿದೆ. ನೀರು ಹೊಡೆದು, ರೋಲರ್ ಹೊಡೆಸಿ, ಮತ್ತೆ ನೀರು ಹೊಡೆದು, ಹಿಮ್ಮಡಿ ಊರಿದರೂ ಗುರುತು ಮೂಡದ ಹಾಗೆ ಗಟ್ಟಿ ಮಾಡಿಸಿದೆ. ಈಶಾನ್ಯದ ಅಂಚಿಗೆ ಕಂಪೌಂಡ್ ಗೋಡೆ ಬಂತು. ಅದರ ಬುಡದಲ್ಲಿ ಹತ್ತು ಹೆಜ್ಜೆಗೆ ಒಂದರಂತೆ ತೂತು ಬಿಡಿಸಿದೆ, ನೀರು ಹೊರಗೆ ಹೋಗಲೆಂದು. ಗೋಡೆಯ ಹೊರಗೆ ಹೊಲದ್ದೇ ಒಂದು ಪಟ್ಟಿ ಉಳಿದಿತ್ತು. ಪಟ್ಟಿಯ ಆಚೆ ನಾಲ್ಕು ಮನೆಗಳು. ಎಲ್ಲಕ್ಕೂ ಕೆಳಗಿನದು ಚಾಚಾನ ಮನೆ. ನೈಋತ್ಯದಲ್ಲಿ ನಕಾಶೆಯ ಪ್ರಕಾರ ಕಟ್ಟಿದ ದೊಡ್ಡ ಗಟಾರ ಹೊಚ್ಚ ಹೊಸದಾಗಿ, ಒಂದು ಹನಿ ನೀರೂ ಕಾಣದೆ ಬಿದ್ದಿತ್ತು.

ಲೇಔಟಿನ ನೆಲ ಏರುವುದನ್ನು ಆ ನಾಲ್ಕು ಮನೆಯವರು ದಿನಾ ನೋಡುತ್ತಿದ್ದರು. ಮೆಕ್ಯಾನಿಕ್ ಲೇಔಟ್ ಮಂಜೂರು ಮಾಡಿದ ಕಚೇರಿಗೆ ಅರ್ಜಿ ಕೊಡಲು ಹೊರಟ. ಅವನನ್ನು ತಡೆದವರು ಚಾಚಾ. ನಾನು ಅಲ್ಲೇ ಕಟ್ಟೆಯ ಮೇಲೆ ಅವರ ಹೆಂಡತಿ ಚಾಚಿ ಕೊಟ್ಟ ಚಹಾ ಕುಡಿಯುತ್ತ ಕೂತಿದ್ದೆ. "ಅರ್ಜಿ ಏನ ಬ್ಯಾಡ. ಇಂವ ನನ್ನ ಕೈಯಾಗ ತಯಾರಾದಾಂವ. ಇಂವ ಇದ್ದಲ್ಲೆ ನೀರ ತಪ್ಪ ದಾರಿ ಹಿಡಿಯಂಗಿಲ್ಲ" ಎಂದು ಚಾಚಾ ನನ್ನ ಹೆಗಲ ಮೇಲೆ ಕೈಯಿಟ್ಟರು. ಮೆಕ್ಯಾನಿಕ್ ಅರ್ಜಿಯನ್ನು ಮಡಚಿ ಕಿಸೆಗಿಟ್ಟುಕೊಂಡ.

ಅವನಿಗೆ ಪೂರ್ತಿ ಧೈರ್ಯ ಬರಲಿ ಎಂದು ನಾನೇ ಒಂದು ಪರೀಕ್ಷೆ ಇಟ್ಟೆ. ನಾಲ್ಕೂ ಮನೆಯವರನ್ನು ಕರೆದು, ಎರಡು ಟ್ಯಾಂಕರ್ ನೀರು ತರಿಸಿ, ನೈಋತ್ಯದ ದಿನ್ನೆಯ ಮೇಲೆ ಬಿಡಿಸಿದೆ. ನೀರು ರಸ್ತೆ ಹಿಡಿದು, ಎಲ್ಲೂ ನಿಲ್ಲದೆ, ಎಲ್ಲೂ ಚದುರದೆ ಸೀದಾ ಈಶಾನ್ಯಕ್ಕೆ ಬಂತು. ಗೋಡೆಯ ತೂತುಗಳಿಂದ ಹೊರಬಿದ್ದು ಆ ಪಟ್ಟಿಗೆ ಇಳಿಯಿತು. ಇಳಿದದ್ದೇ ಮಾಯ. ಕಡು ಬೇಸಿಗೆ. ಎರೆ ಬಿರಿದು ಬಾಯಿ ಬಿಟ್ಟಿತ್ತು. ಎರಡು ಟ್ಯಾಂಕರ್ ನೀರನ್ನು ಆ ಬಿರುಕುಗಳು ಗಟಗಟ ಕುಡಿದುಬಿಟ್ಟವು. ಕುಡಿಯುವ ಸಪ್ಪಳ ಕೇಳುತ್ತಿತ್ತು. ಮನೆಗಳ ಕಡೆ ಒಂದು ಹನಿಯೂ ಹೋಗಲಿಲ್ಲ. ಮೆಕ್ಯಾನಿಕ್ ನನ್ನ ಕೈ ಕುಲುಕಿದ. ಚಾಚಿ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದರು.

ಇಂಜಿನಿಯರ್ ಒಬ್ಬನೇ ಕುಕ್ಕರಗಾಲಿನಲ್ಲಿ ಕೂತು ಒಂದು ಬಿರುಕಿನೊಳಗೆ ಕೈ ಇಳಿಬಿಟ್ಟ. ಮೊಣಕೈ ತನಕ ಇಳಿಯಿತು. ಮೇಲೆದ್ದು ಮಣ್ಣು ಝಾಡಿಸಿಕೊಂಡು, "ಕಾಕಾರ, ಇದು ಬ್ಯಾಸಿಗಿ" ಎಂದಷ್ಟೇ ಹೇಳಿ ಸ್ಕೂಟಿ ಹತ್ತಿದ.

ನನಗೆ ಗೊತ್ತಿರಲಿಲ್ಲವೆಂದಲ್ಲ. ಎರೆ ಭೂಮಿಯಲ್ಲಿ ಹುಟ್ಟಿದ ಯಾರಿಗೂ ಗೊತ್ತಿರುವ ಮಾತು. ಬೇಸಿಗೆಯಲ್ಲಿ ಬಿರಿದ ಎರೆ ಎಷ್ಟು ಹಾಕಿದರೂ ಕುಡಿಯುತ್ತದೆ. ಒಂದೆರಡು ಮಳೆ ಹದವಾಗಿ ಬಿದ್ದವೆಂದರೆ ಉಬ್ಬಿಕೊಂಡು ಬಾಯಿ ಮುಚ್ಚುತ್ತದೆ. ಮುಚ್ಚಿದ ಮೇಲೆ ಒಂದು ಬೊಗಸೆ ನೀರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದು ಗೊತ್ತಿದ್ದೂ ನಾನು ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದೆ. ಅವರಿಗೆ ಧೈರ್ಯ ತುಂಬಲು ಎಂದು ಮೇಲೆ ಬರೆದೆ. ಧೈರ್ಯ ಬೇಕಾಗಿದ್ದದ್ದು ನನಗೇ.

ಬೇಸಿಗೆ ಮುಗಿದು ಮಿರಗದ ಮಳೆ ಬಂತು. ಪಟ್ಟಿ ಕುಡಿಯಿತು. ಮರುದಿನ ಹೋಗಿ ನೋಡಿದೆ, ಒಳಗಿನ ರಸ್ತೆ ಹಾಸಿ ಒರೆಸಿದ ಹಾಗೆ ಇತ್ತು. ಆರಿದ್ರಾ ಮಳೆ ಜಿಟಿಜಿಟಿ ಹಿಡಿಯಿತು. ಪಟ್ಟಿಯ ಮೇಲೆ ನೀರು ತುಸು ಹೊತ್ತು ನಿಂತು ಹೋಯಿತು ಎಂದು ಚಾಚಾ ಹೇಳಿದರು. ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ, ನಾನೂ ಹೂಂಗುಟ್ಟಿ ಬಿಟ್ಟೆ. ಪುಷ್ಯ ಮಳೆ ಮೂರು ದಿನ ಬಿಡದೆ ಹೊಡೆಯಿತು. ಮೂರನೆಯ ದಿನ ಮಧ್ಯಾಹ್ನ ನಾನು ಧಾರವಾಡದಲ್ಲಿದ್ದೆ. ಮೆಕ್ಯಾನಿಕ್‌ನ ಫೋನ್ ಬಂತು. ಬಾ ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಆ ಪಟ್ಟಿ ಕೆರೆಯಾಗಿತ್ತು. ಗೋಡೆಯ ಒಂದೊಂದು ತೂತಿನಿಂದಲೂ ನೀರು ಬಿಲ್ಲಿನ ಹಾಗೆ ಬಾಗಿ ಹಾರುತ್ತಿತ್ತು. ಮೊದಲೆಲ್ಲ ಈ ನೀರು ನೈಋತ್ಯಕ್ಕೆ ಓಡಿಹೋಗುತ್ತಿತ್ತು. ಈಗ ಆ ದಾರಿಗೆ ನನ್ನ ಗಟ್ಟಿ ಗರಸು ಅಡ್ಡ ನಿಂತಿತ್ತು. ನಾಲ್ಕೂ ಮನೆಯೊಳಗೆ ನೀರು. ಚಾಚಾನ ಮನೆಯಲ್ಲಿ ಮೊಣಕಾಲಿನ ತುಸು ಕೆಳಗೆ. ಹೊರಸಿನ ಕಾಲಿಗೆ ಇಟ್ಟಂಗಿ ಏರಿಸಿ ಚಾಚಿ ಅದರ ಮೇಲೆ ಕೂತಿದ್ದರು, ಮಗ್ಗುಲಿಗೆ ಅಕ್ಕಿಯ ಚೀಲ, ಹಾಸಿಗೆಯ ಸುರುಳಿ, ಗ್ಯಾಸಿನ ಒಲೆ. ಬಾಗಿಲಲ್ಲಿ ನಾನು ರೂಢಿಯಂತೆ ಚಪ್ಪಲಿ ಬಿಡಲು ಹೋದೆ.

"ಚಪ್ಪಲ್ ಅಲ್ಲೆ ಬಿಡಬ್ಯಾಡ, ತೇಲಿ ಹೋಗ್ತಾವ" ಎಂದರು ಚಾಚಿ. ನಗಿಸಲೆಂದೇ ಅಂದರು. ನನಗೆ ನಗು ಬರಲಿಲ್ಲ.

ಪಂಪು ತರಿಸಿದೆ. ನೀರನ್ನು ಎತ್ತಿ ರಸ್ತೆಯ ಆಚೆ ಹಾಕಿಸಿದೆ. ಚಾಚಾ ಬಕೆಟ್ಟಿನಲ್ಲಿ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದರು, ಮೊಣಕಾಲು ಮಡಚಲು ಬಾರದ್ದರಿಂದ ಸೊಂಟ ಬಗ್ಗಿಸಿಯೇ. ಮೆಕ್ಯಾನಿಕ್ ತನ್ನ ಮನೆಯ ಸಾಮಾನು ಹೊರಗಿಡುತ್ತ ಅವರನ್ನು ನೋಡಿ, "ಚಾಚಾ ಗ್ಯಾರಂಟಿ ಕೊಟ್ಟಿದ್ರಲ್ಲ, ಕಾರ್ಡ್ ಎಲ್ಲಿ ಇಟ್ಟೀರಿ? ಅದೂ ತೋದ ಹೋಯ್ತೇನ್ರಿ?" ಎಂದ. ಮುದುಕನಿಗೆ ಅಂದದ್ದು, ನನಗೆ ತಾಗಲಿ ಎಂದು. ಚಾಚಾ ಇನ್ನೊಂದು ಬಕೆಟ್ ನೀರು ಹೊರಗೆ ಚೆಲ್ಲಿದರು. ಅವರು ಒಂದು ಮಾತು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಸುಮ್ಮನೆ ನೀರು ಮೊಗೆಯುವುದನ್ನು ನೋಡಿ ನನಗೆ ಏನೋ ಆಗಿ, ಬಾಯಿಗೆ ಬಂದದ್ದನ್ನು ಅಂದೆ.

"ಮನಿ ಪಾಯಾನ ತಗ್ಗ ಆತ್ರಿ ಚಾಚಾ. ಅವತ್ತ ಇನ್ನೆರಡ ಸಾಲ ಕಲ್ಲ ಏರಿಸಿದ್ರ ಇದು ಆಗತಿದ್ದಿಲ್ಲ."

ಅವರ ಕೈ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು. ಆ ಪಾಯ ತೋಡಿದವನು ಯಾರು, ಎತ್ತರ ಸಾಕು ಎಂದವನು ಯಾರು ಎಂದು ಕೇಳಬಹುದಾಗಿತ್ತು. ಮತ್ತೆ ಬಗ್ಗಿ ನೀರು ಮೊಗೆಯತೊಡಗಿದರು.

ಎಂಟು ದಿನ ನಾನು ಆ ಕಡೆ ಹಾಯಲಿಲ್ಲ. ಪಂಪಿನವನನ್ನು ಮಾತ್ರ ಕಳಿಸುತ್ತಿದ್ದೆ. ಹೆಂಡತಿ ಕೇಳಿದರೆ ತಪ್ಪನ್ನು ಎರೆ ಮಣ್ಣಿನ ಮೇಲೆ ಹಾಕಿದೆ, ಮಳೆಯ ಮೇಲೆ ಹಾಕಿದೆ. ಆಕೆ, ಆ ಮನೆಯಲ್ಲಿ ಎಷ್ಟು ಸಲ ಉಂಡೀರಿ ಎಂದಷ್ಟೇ ಕೇಳಿದಳು. ಒಂಬತ್ತನೆಯ ದಿನ ಮಳೆ ಹೊರಪು ಕೊಟ್ಟು ಬಿಸಿಲು ಬಿತ್ತು. ಪಂಪಿನವನ ಕೈಯಲ್ಲಿ ಚಾಚಾ ಹೇಳಿ ಕಳಿಸಿದರು, ಬರಿಗೈಯಲ್ಲಿ ಬಾ ಎಂದು.

ಹೋದೆ. ನೀರು ಇಳಿದಿತ್ತು, ಮನೆಯ ತುಂಬ ಹಸಿ ಮಣ್ಣಿನ ವಾಸನೆ. ಕಿಡಕಿಯ ಮೂಲೆಯಿಂದ ಮೇಲಕ್ಕೆ ಗೋಡೆಯಲ್ಲಿ ಒಂದು ಬಿರುಕು ಎದ್ದಿತ್ತು. ಬುಡದ ಎರೆ ಉಬ್ಬಿದರೆ ಗೋಡೆ ಹಾಗೆಯೇ ಸೀಳುತ್ತದೆ. ನಾನು ಅದನ್ನು ನೋಡುತ್ತ ನಿಂತೆ. ಚಾಚಾ ಅಟ್ಟದ ಮೇಲಿನಿಂದ ಹಳೆಯ ಪೈಪು ಇಳಿಸಿ, ನೀರು ತುಂಬಿಸಿ ಇಟ್ಟಿದ್ದರು. ಗುಳ್ಳೆ ಹೊರಡುವ ತನಕ ತಟ್ಟಿದರು. ಒಂದು ತುದಿಯನ್ನು ನನ್ನ ಕಡೆ ಚಾಚಿದರು.

"ಹಿಡಿ."

ಲೇಔಟಿನ ಗೇಟು ದಾಟಿ ನೈಋತ್ಯದ ಮೂಲೆಗೆ ಹೋಗಿ ಅಲ್ಲಿಂದ ಶುರು ಮಾಡಿದೆವು. ಪೈಪು ಎಟುಕುವಷ್ಟು ದೂರ ಅಳೆಯುವುದು, ಗೂಟ ಹೊಡೆಯುವುದು, ಮುಂದೆ ಸರಿಯುವುದು. ಅವರು ಕುಂಟುತ್ತ ನಡೆಯುತ್ತಿದ್ದರು, ಸಾಕು ಎಂದರೆ ಕೇಳುತ್ತಿರಲಿಲ್ಲ. ಅಳತೆಯನ್ನು ಒಂದು ಸಲವೂ ಅವರು ಹೇಳಲಿಲ್ಲ. ಪ್ರತಿ ಗೂಟಕ್ಕೂ, "ಎಷ್ಟ ಐತಿ, ನೀನ ಹೇಳು" ಎನ್ನುವರು. ನಾನು ಹೇಳಬೇಕು. ಮೂರು ಬೆರಳು ತಗ್ಗು. ಮತ್ತೆ ಮೂರು ಬೆರಳು ತಗ್ಗು. ಮತ್ತೆ ಮೂರು. ಒಂದು ಕಡೆಯೂ ಎರಡಾಗಲಿಲ್ಲ, ನಾಲ್ಕಾಗಲಿಲ್ಲ. ಗೋಡೆ ಬಂತು. ಗೋಡೆಯ ತೂತಿನೊಳಗಿಂದ ಪೈಪು ತೂರಿಸಿ, ಪಟ್ಟಿ ದಾಟಿ, ಅವರ ಹೊಸ್ತಿಲ ತನಕ ಬಂದೆವು. ಕೊನೆಯ ಅಳತೆಯನ್ನೂ ನಾನೇ ಓದಿದೆ.

ಚಾಚಾ ಪೈಪಿನ ನೀರು ಚೆಲ್ಲಿ, ಅದನ್ನು ಸುರುಳಿ ಸುತ್ತುತ್ತ ಹೇಳಿದರು: "ಕೆಲಸಾ ಛಲೋ ಮಾಡೀದಿ ಬೇಟಾ. ಎಲ್ಲೂ ಒಂದ ಬೆರಳ ತಪ್ಪಿಲ್ಲ. ನೀರನ್ನ ನನ್ನ ಬಾಗಲಾ ಕೇಳ್ಕೋತ ಬಂದ ಬಿಟ್ಟೀದಿ."

ನಾನು ಕಟ್ಟೆಯ ಮೇಲೆ ಕೂತೆ. ತಪ್ಪಾಯಿತು ಎಂಬ ಮಾತನ್ನು ಆಗಲೂ ನನ್ನ ಬಾಯಿ ಆಡಲಿಲ್ಲ. ಅವರು ಒಳಗೆ ಹೋಗಿ ಕಿಡಕಿಯ ಒಡೆದ ಗಾಜಿನದೊಂದು ಸಣ್ಣ ತುಂಡು ತಂದರು, ಸ್ವಲ್ಪ ಸಿಮೆಂಟ್ ಕಲಸಿದರು. ಗೋಡೆಯ ಬಿರುಕಿಗೆ ಅಡ್ಡಲಾಗಿ ಆ ಗಾಜನ್ನು ಎರಡೂ ತುದಿಗೆ ಸಿಮೆಂಟ್ ಕೊಟ್ಟು ಅಂಟಿಸಿದರು. ಇದು ಹಳೆಯ ಗೌಂಡಿಗಳ ರೀತಿ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಪಟಕ್ಕನೆ ಒಡೆಯುತ್ತದೆ. ಗಾಜು ಉಳಿದರೆ ಗೋಡೆಯೂ ಉಳಿದ ಹಾಗೆ.

ಮರುದಿನ ನಾನು ಅರಳೆ ಪೇಟೆಗೆ ಹೋಗಿ ಸಾವುಕಾರರನ್ನು ಕಂಡೆ. ಗೋಡೆಯ ಒಳಮಗ್ಗುಲಿಗೆ ಆಳವಾದ ಗಟಾರ ತೋಡಿ, ಅಂಚು ಹಿಡಿದು ಹಳ್ಳಕ್ಕೆ ಒಯ್ಯಬೇಕು, ಕೊನೆಯ ಸಾಲಿನ ಸೈಟುಗಳಿಂದ ಒಂದು ಪಟ್ಟಿ ಬಿಡಬೇಕಾಗುತ್ತದೆ ಎಂದೆ. ತೋಡುವುದು ನನ್ನ ಪಾಲಿಗಿರಲಿ ಎಂದೂ ಹೇಳಿದೆ. ಅವರು ಗೋಡೆಯ ತೂತು ಮುಚ್ಚಿಸಿಬಿಡಿ, ಮುಗಿಯಿತು ಎಂದರು. ಮುಚ್ಚಿದರೆ ಲೇಔಟಿನ ಕೊನೆಯ ಸಾಲೇ ಮುಳುಗುತ್ತದೆ ಎಂದೆ. ಅವರು ಸಿಟ್ಟಾಗಲಿಲ್ಲ, ದನಿಯನ್ನೂ ಏರಿಸಲಿಲ್ಲ. "ನೀರಿನ ಚಿಂತಿ ನಿಮಗ ಬಿಟ್ಟಿದ್ನೆಲ್ಲರಿ" ಎಂದು ಮತ್ತೆ ಅರಳೆಯ ಮಾದರಿ ನೋಡತೊಡಗಿದರು. ನಾನು ಯಾವ ಬಾಯಿಯಿಂದ ಜಗಳಾಡಲಿ?

ಅಷ್ಟರಲ್ಲಿ ಇನ್ನೊಂದು ಸಂಗತಿ ಬಂತು. ಲೇಔಟಿನ ರಸ್ತೆ, ಗಟಾರಗಳನ್ನು ವಶಕ್ಕೆ ತೆಗೆದುಕೊಳ್ಳುವ ಮೊದಲು ಕಚೇರಿಯವರು ನೆಲದ ಮಟ್ಟದ ಹಾಳೆ ಕೇಳುತ್ತಾರೆ. ನೆಲ ನಕಾಶೆಯಂತೆ ಇದೆಯೇ ಎಂದು ಆ ಹಾಳೆಯಿಂದ ತಿಳಿಯಬೇಕು. ಬರೆಯಬೇಕಾದವನು ಇಂಜಿನಿಯರ್. ನಕಾಶೆಯ ಅಂಕಿಗಳನ್ನೇ ಬರೆದುಕೊಡು ಎಂದು ಸಾವುಕಾರರು ಅವನಿಗೆ ಹೇಳಿದ್ದರು. ಅವನು ಒಂದು ಸಂಜೆ ನಮ್ಮ ಮನೆಗೆ ಬಂದ. ಕುರ್ಚಿಯ ತುದಿಗೆ ಕೂತು, ಹೆಲ್ಮೆಟ್ಟನ್ನು ತೊಡೆಯ ಮೇಲೆ ತಿರುಗಿಸುತ್ತ ಕೇಳಿದ: "ಕಾಕಾರ, ನಾ ಏನ ಬರೀಲಿರಿ?"

ನೌಕರಿ ಹೊಸದು, ಊರಲ್ಲಿ ತಂದೆ ತಾಯಿ ಇವನನ್ನೇ ನೆಚ್ಚಿಕೊಂಡವರು. ಇದ್ದದ್ದು ಬರೆದರೆ ಕೆಲಸ ಹೋಗುತ್ತದೆ, ಇಲ್ಲದ್ದು ಬರೆದರೆ ಮುಂದಿನ ಪುಷ್ಯ ಮಳೆಗೆ ಆ ಮನೆಗಳು ಮತ್ತೆ ಮುಳುಗುತ್ತವೆ. ಕಣ್ಣಂದಾಜಿನ ಕೆಲಸವಲ್ಲ ಎಂದ ಹುಡುಗ ನನ್ನನ್ನು ಕೇಳಲು ಬಂದಿದ್ದ. ಒಂದು ವರ್ಷದ ಹಿಂದೆ ಆಗಿದ್ದರೆ ಇದನ್ನು ಹತ್ತು ಮಂದಿಗೆ ಹೇಳಿಕೊಂಡು ನಗುತ್ತಿದ್ದೆ.

ಇದ್ದದ್ದನ್ನೇ ಬರಿ ಎಂದೆ. ಅದರ ಕೆಳಗೆ ನಾನು ಬರೆಯುತ್ತೇನೆ ಎಂದೆ. ಹೆಂಡತಿ ಬಿಳಿ ಹಾಳೆ ತಂದುಕೊಟ್ಟಳು. ರೂಢಿಯಿಲ್ಲದ ಕೈ, ನಾಲ್ಕು ಸಾಲಿಗೆ ಒಂದು ತಾಸು ಹಿಡಿಯಿತು. ನಕಾಶೆಯಲ್ಲಿ ನೀರು ನೈಋತ್ಯಕ್ಕೆ ಇದೆ, ನೆಲವನ್ನು ಈಶಾನ್ಯಕ್ಕೆ ಹೊರಳಿಸಿದವನು ನಾನು, ಇಂಜಿನಿಯರ್ ಬೇಡ ಅಂದಿದ್ದರು, ಇದರಿಂದ ನಾಲ್ಕು ಮನೆಗೆ ನೀರು ಹೊಕ್ಕಿದೆ. ಕೆಳಗೆ ಸಹಿ. ಚಾಚಾನ ಮುಂದೆ ಬಾಯಿಯಲ್ಲಿ ಬಾರದ್ದು ಹಾಳೆಯ ಮೇಲೆ ಬಂತು. ಅವನು ಓದಿ, ಮಡಚಿ, ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡ. ಊಟ ಮಾಡಿಕೊಂಡು ಹೋಗು ಎಂದಳು ನನ್ನ ಹೆಂಡತಿ. ಅವನು ಎರಡು ರೊಟ್ಟಿ ತಿಂದು ಹೋದ.

ಕಚೇರಿಯವರು ಲೇಔಟನ್ನು ವಶಕ್ಕೆ ತೆಗೆದುಕೊಳ್ಳಲಿಲ್ಲ. ನೀರಿಗೆ ದಾರಿ ಮಾಡಿ ಬನ್ನಿ ಎಂದು ಹಿಂದಕ್ಕೆ ಕಳಿಸಿದರು. ಸಾವುಕಾರರಿಗೆ ಕೊನೆಯ ಸಾಲಿನಿಂದ ಪಟ್ಟಿ ಬಿಡದೆ ಗತಿಯಿರಲಿಲ್ಲ. ಅವರು ನನ್ನ ಜೊತೆ ಮಾತು ಬಿಟ್ಟರು, ಮುಂದಿನ ಲೇಔಟನ್ನು ಬೇರೆಯವರಿಗೆ ಕೊಟ್ಟರು. ಅವರ ಮಾತು ಕೇಳಿ ಇನ್ನೂ ಇಬ್ಬರು ನನ್ನ ಫೋನ್ ಎತ್ತುವುದನ್ನು ಬಿಟ್ಟರು. ತನ್ನ ಕೆಲಸದ ಮೇಲೆ ತಾನೇ ಬರೆದುಕೊಟ್ಟವನು ನಾಳೆ ನಮ್ಮ ಮೇಲೂ ಬರೆದಾನು ಎಂದು ಅವರ ಅಂಜಿಕೆ. ಇಂಜಿನಿಯರ್ ಆ ನೌಕರಿ ಬಿಟ್ಟು ಬೇರೆ ಕಡೆ ಸೇರಿದ. ಅವನು ಬಿಟ್ಟನೋ ಬಿಡಿಸಿದರೋ ನಾನು ಕೇಳಲಿಲ್ಲ.

ಗಟಾರ ತೋಡಲು ಇಡೀ ಬೇಸಿಗೆ ಹಿಡಿಯಿತು. ಈಶಾನ್ಯದಲ್ಲಿ ಸರಾಗ ಇತ್ತು. ಹಳ್ಳದ ಕಡೆ ಹೋದಂತೆ ನಾನೇ ಹಾಕಿ, ನಾನೇ ರೋಲರ್ ಹೊಡೆಸಿದ ಗರಸು ಎದುರು ನಿಂತಿತು. ಜೆಸಿಬಿಯ ಹಲ್ಲು ಜಾರುತ್ತಿತ್ತು. ಡ್ರೈವರ್ ಬೆವರು ಒರೆಸಿಕೊಳ್ಳುತ್ತ, ಯಾವ ಪುಣ್ಯಾತ್ಮ ಇದನ್ನು ಇಷ್ಟು ಗಟ್ಟಿ ಮಾಡಿದ್ದು ಎಂದು ಬೈದ. ಹೊಸಬ, ಅವನಿಗೆ ಗೊತ್ತಿರಲಿಲ್ಲ. ಬೈಸಿಕೊಂಡು ಮುಂದಿನ ಗುರುತು ಹಾಕಿಕೊಟ್ಟೆ.

ಗೋಡೆಯ ತೂತುಗಳನ್ನು ಮುಚ್ಚಲು ಚಾಚಾ ನನ್ನ ಆಳುಗಳನ್ನು ಮುಟ್ಟಗೊಡಲಿಲ್ಲ. ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಕೂತು, ಕರಣಿ ಹಿಡಿದು, ದಿನಕ್ಕೆ ಎರಡರಂತೆ ಒಂದೊಂದನ್ನೇ ತಾವೇ ಮುಚ್ಚಿದರು. ಪಟ್ಟಿಯ ಮೇಲೆ ಬೀಳುವ ಮಳೆ ಗಟಾರಕ್ಕೆ ಇಳಿಯಲೆಂದು ಬುಡದಲ್ಲಿ ಒಂದು ಪೈಪು ಮಾತ್ರ ಇಡಿಸಿದರು. ನಾನು ಸಿಮೆಂಟ್ ಕಲಸಿ ಕೊಡುತ್ತಿದ್ದೆ. ವಾಸ್ತು ಹೇಳುವವರೊಬ್ಬರು ಬಂದು ಗಟಾರ ನೋಡಿ, ಈಶಾನ್ಯದಲ್ಲಿ ನೀರು ಹರಿಯುತ್ತದೆ, ಬಹಳ ಶ್ರೇಷ್ಠ ಎಂದು ತಮ್ಮ ಗಿರಾಕಿಗೆ ಹೇಳಿಹೋದರು. ಅದು ಅಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಅವರು ಕೇಳಲಿಲ್ಲ. ಚಾಚಾ ನನ್ನ ಮುಖ ನೋಡಿದರು. ಆ ಬೇಸಿಗೆಯಲ್ಲಿ ಇಬ್ಬರೂ ಕೂಡಿ ನಕ್ಕದ್ದು ಅದೊಂದು ಸಲ.

ಗೋಡೆಗೆ ಅಂಟಿಸಿದ ಮೊದಲನೆಯ ಗಾಜು ಆ ಬೇಸಿಗೆಯಲ್ಲೇ ಒಡೆಯಿತು. ಮಳೆಗಾಲದಲ್ಲಿ ಉಬ್ಬಿದ್ದ ಎರೆ ಒಣಗಿ ಕುಗ್ಗುವಾಗ ಗೋಡೆಯನ್ನು ಎಳೆದುಕೊಂಡಿತ್ತು. ಚಾಚಾ ಬಿರುಕಿಗೆ ಮತ್ತೆ ಸಿಮೆಂಟ್ ತುಂಬಿ ಎರಡನೆಯ ಗಾಜು ಅಂಟಿಸಿದರು.

ಈ ವರ್ಷ ಮಿರಗ ಬಂತು, ಆರಿದ್ರಾ ಬಂತು, ನಾನು ಯಾರ ಮುಂದೆಯೂ ಏನೂ ಅನ್ನಲಿಲ್ಲ. ಪುಷ್ಯ ಮಳೆಯ ಎರಡನೆಯ ದಿನ, ಮಳೆ ನಿಲ್ಲುವುದನ್ನೂ ಕಾಯದೆ, ರೇನ್‌ಕೋಟ್ ಹಾಕಿಕೊಂಡು ಹೋದೆ. ಗಟಾರ ಅಂಚಿನ ತನಕ ತುಂಬಿ ಹಳ್ಳದ ಕಡೆ ಓಡುತ್ತಿತ್ತು. ಪಟ್ಟಿಯ ಮೇಲೆ ಅದರದೇ ಮಳೆಯ ನೀರು, ಅದೂ ಪೈಪು ಹುಡುಕಿಕೊಂಡು ಹೋಗುತ್ತಿತ್ತು. ಮೆಕ್ಯಾನಿಕ್ ತನ್ನ ಬಾಗಿಲಲ್ಲಿ ನಿಂತು ನೋಡಿದ. ಅವನು ನನ್ನ ಜೊತೆ ಇವತ್ತಿಗೂ ಮಾತಾಡುವುದಿಲ್ಲ. ಚಾಚಾನ ಜೊತೆ ಮಾತಾಡುತ್ತಾನೆ, ಆದರೆ ಏನಾದರೂ ಕೇಳಬೇಕಾದರೆ ಮೊದಲಿನಂತೆ ಅವರ ಹತ್ತಿರ ಬರುವುದಿಲ್ಲ.

ಒಳಗಿನಿಂದ ಚಾಚಿ ಕೂಗಿದರು: "ಇವತ್ತ ಚಪ್ಪಲ್ ಹೊರಗ ಬಿಟ್ಟ ಬಾ."

ಹೊರಗೆ ಬಿಟ್ಟು ಹೋದೆ. ನೆಲ ಒಣಗಿತ್ತು. ಸೀದಾ ಕಿಡಕಿಯ ಹತ್ತಿರ ಹೋಗಿ ಗಾಜು ನೋಡಿದೆ. ಇಡಿಯಾಗಿ ಇತ್ತು. ಅಂಗಿಯ ತೋಳಿನಿಂದ ಒರೆಸಿ ಮತ್ತೆ ನೋಡಿದೆ, ಕೂದಲೆಳೆಯಷ್ಟೂ ಸೀಳು ಇರಲಿಲ್ಲ. ನನ್ನ ಮುಖ ಅರಳಿರಬೇಕು. ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದ ಚಾಚಾ ಅಲ್ಲಿಂದಲೇ ಹೇಳಿದರು:

"ಈಗೇನ ನೋಡ್ತಿ. ಎರಿ ಉಬ್ಬಿ ನಿಂತ ಮ್ಯಾಲೆ ಗ್ವಾಡಿ ಸುಮ್ಮನ ಇರತೈತಿ, ಒಣಗಿ ಕುಗ್ಗೂ ಮುಂದ ಎಳೀತೈತಿ. ಬ್ಯಾಸಿಗ್ಯಾಗ ಬಂದ ನೋಡು."

ಹೋದ ಸಲ ಟ್ಯಾಂಕರ್ ನೀರನ್ನು ತಪ್ಪು ಕಾಲದಲ್ಲಿ ನೋಡಿ ಕೈ ಕುಲುಕಿಸಿಕೊಂಡವನು ನಾನು. ಗಾಜಿನಿಂದ ಕೈ ತೆಗೆದು ಅವರ ಮಗ್ಗುಲಿಗೆ ಕೂತೆ. ಚಾಚಿ ಚಹಾಕ್ಕೆ ಇಟ್ಟರು. ಹೊರಗೆ ಮಳೆ ಇನ್ನೂ ಬರುತ್ತಿತ್ತು, ಬೇಸಿಗೆ ಬಹಳ ದೂರ ಇತ್ತು.